ಸ್ವಿಟ್ಜರ್ಲೆಂಡ್‌ನಲ್ಲಿ ಟೊರೆಂಟ್‌ಗೆ ವಿಪಿಎನ್ ಬೇಕಾ?

ಸ್ವಿಟ್ಜರ್ಲೆಂಡ್‌ಗೆ ಓದಲು, ಕೆಲಸಕ್ಕೆ ಹೋದ ನಮ್ಮ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ: "ಇಲ್ಲಿ ಟೊರೆಂಟ್‌ನಲ್ಲಿ ಡೌನ್‌ಲೋಡ್ ಮಾಡಿದ್ರೆ ತಪ್ಪಿಲ್ವಂತೆ. ಮತ್ತೆ ವಿಪಿಎನ್‌ಗೆ ಯಾಕೆ ಸರ್ ದುಡ್ಡು ಕೊಡಬೇಕು?" ವಿಪಿಎನ್ ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ವಿಳಾಸವನ್ನು ಮರೆ ಮಾಡುವ ಸೇವೆ.

ಅವರು ಕೇಳಿದ್ದು ಸುಳ್ಳಲ್ಲ. ಸ್ವಂತಕ್ಕೆ, ಮನೆಯವರ ಜೊತೆ ನೋಡುವುದಕ್ಕೆ ಸಿನಿಮಾ, ಹಾಡು ಇಳಿಸಿಕೊಳ್ಳಲು ಅಲ್ಲಿನ ಕಾಪಿರೈಟ್ ಕಾನೂನು ಬಿಡುತ್ತದೆ. ಮೂಲ ಪೈರೇಟೆಡ್ ಆಗಿದ್ದರೂ ಇಳಿಸಿಕೊಂಡವರ ಮೇಲೆ ಕೇಸ್ ಹಾಕುವುದಿಲ್ಲ. ಆದರೆ ಸಾಫ್ಟ್‌ವೇರ್‌ಗೆ ಈ ವಿನಾಯಿತಿ ಇಲ್ಲ. ಇನ್ನೊಬ್ಬರಿಗೆ ಹಂಚುವುದಕ್ಕಂತೂ ಇಲ್ಲವೇ ಇಲ್ಲ.

ತೊಡಕು ಇರುವುದೇ ಹಂಚುವುದರಲ್ಲಿ. 2001ರಲ್ಲಿ ಬ್ರಾಮ್ ಕೋಹೆನ್ ಎಂಬ ಪ್ರೋಗ್ರಾಮರ್ ಟೊರೆಂಟ್‌ನ ಹಿಂದಿರುವ ಬಿಟ್‌ಟೊರೆಂಟ್ ವಿಧಾನ ಮಾಡಿದ್ದೇ ಎಲ್ಲರೂ ಹಂಚಲಿ ಎಂದು. ಫೈಲ್ ತುಂಡು ತುಂಡಾಗಿ ಬರುತ್ತದೆ. ನಿಮಗೆ ಪೂರ್ತಿ ಬಂದ ತುಂಡು ಕೂಡಲೇ ಬೇರೆಯವರಿಗೆ ಹೋಗಲು ಶುರುವಾಗುತ್ತದೆ. ಅರ್ಧ ಸಿನಿಮಾ ಇಳಿಯುವ ಹೊತ್ತಿಗೆ ನೀವೂ ಹಂಚುವವರೇ. "ನಾನು ಅಪ್‌ಲೋಡ್‌ಗೆ ಸೊನ್ನೆ ಹಾಕಿದೀನಿ" ಅಂತ ಕೆಲವರು ಧೈರ್ಯವಾಗಿರುತ್ತಾರೆ. ಆದರೆ ಕ್ಯೂಬಿಟ್‌ಟೊರೆಂಟ್ ಎಂಬ ಟೊರೆಂಟ್ ಆ್ಯಪ್‌ನಲ್ಲಿ ಅಪ್‌ಲೋಡ್ ವೇಗದ ಮಿತಿಗೆ ಸೊನ್ನೆ ಹಾಕಿದರೆ ಮಿತಿಯೇ ಇಲ್ಲ ಎಂದರ್ಥ!

ಇದೆಲ್ಲ ನಡೆಯುವುದು ಬಹಿರಂಗವಾಗಿ. ಅದೇ ಫೈಲ್ ಇಳಿಸುವ, ಹಂಚುವ ಗುಂಪಿನ ಯಾರಿಗಾದರೂ ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್ನೆಟ್ ಕನೆಕ್ಷನ್‌ನ ಗುರುತು ಸಂಖ್ಯೆ, ಕಾಣುತ್ತದೆ. ಹ್ಯಾಕ್ ಮಾಡುವ ಅಗತ್ಯವೇ ಇಲ್ಲ. ಸಿನಿಮಾ ಕಂಪನಿಗಳ ಪರ ಕೆಲಸ ಮಾಡುವವರು ಸುಮ್ನೆ ಗುಂಪಿಗೆ ಸೇರಿ ವಿಳಾಸ, ಸಮಯ ಬರೆದುಕೊಳ್ಳುತ್ತಾರೆ. ಸ್ವಿಸ್ ನೆಲದಲ್ಲಿ ಈ ಕೆಲಸಕ್ಕೆ ಅಡ್ಡ ಬಂದದ್ದು ಹೀಗೆ ವಿಳಾಸ ಸಂಗ್ರಹಿಸುತ್ತಿದ್ದ ಲಾಜಿಸ್ಟೆಪ್ ಎಂಬ ಕಂಪನಿಯ ವಿರುದ್ಧ ಬಂದ 2010ರ ತೀರ್ಪು. ಐಪಿ ವಿಳಾಸವೂ ವೈಯಕ್ತಿಕ ಮಾಹಿತಿಯೇ, ಗೊತ್ತಿಲ್ಲದಂತೆ ಅದನ್ನು ಸಂಗ್ರಹಿಸುವುದು ಸರಿಯಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ ಹೇಳಿತು. ಆದರೆ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾಪಿರೈಟ್ ಕಾನೂನಿನ ತಿದ್ದುಪಡಿಯಿಂದ ಕ್ರಿಮಿನಲ್ ದೂರು ಕೊಡುವ ಉದ್ದೇಶಕ್ಕೆ ಸಂಗ್ರಹಿಸಲು ದಾರಿ ತೆರೆಯಿತು. 2010ರ ತೀರ್ಪನ್ನಷ್ಟೇ ನಂಬಿ ಕೂತವರು ಇದನ್ನು ಗಮನಿಸಬೇಕು.

ಹಾಗಾದರೆ ಬೇಕಾ, ಬೇಡವಾ? ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ, ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯದ ಮುಕ್ತ ಫೈಲ್‌ಗಳಿಗೆ ಖಂಡಿತ ಬೇಡ. ಧಾರಾಳವಾಗಿ ಇಳಿಸಿಕೊಳ್ಳಿ, ಹಂಚಿ. ಕಾಪಿರೈಟ್ ಇರುವ ಸಿನಿಮಾ ಆದರೆ, ವಿಪಿಎನ್ ನಿಮ್ಮ ಐಪಿಯನ್ನು ಮರೆ ಮಾಡುತ್ತದೆ ಅಷ್ಟೇ. ತಪ್ಪನ್ನು ಸರಿ ಮಾಡುವುದಿಲ್ಲ. ನನ್ನ ಸಲಹೆ ಕೇಳಿದರೆ, ಅಂಥದ್ದನ್ನು ಟೊರೆಂಟ್‌ನಲ್ಲಿ ಮುಟ್ಟದಿರುವುದೇ ವಾಸಿ.

ನನಗೆ ಜಾಸ್ತಿ ಚಿಂತೆ ಇರುವುದು ಗಡಿಯದ್ದು. ಬಾಸೆಲ್‌ನಿಂದ ಜರ್ಮನಿಯ ಫ್ರೈಬುರ್ಗ್‌ಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಅಲ್ಲಿ ಗೆಳೆಯನ ರೂಮಿನಲ್ಲಿ ಲ್ಯಾಪ್‌ಟಾಪ್ ತೆಗೆದು ವೈಫೈಗೆ ಸೇರುತ್ತೀರಿ. ಆನ್ ಆದ ಕೂಡಲೇ ತಾನಾಗಿ ಶುರುವಾಗುವಂತೆ ಟೊರೆಂಟ್ ಆ್ಯಪ್ ಇಟ್ಟುಕೊಂಡಿದ್ದರೆ, ನೀವು ಮರೆತೇಬಿಟ್ಟ ಹಳೆಯ ಸಿನಿಮಾವನ್ನು ಅದು ಹಂಚಲು ಕೂರುತ್ತದೆ. ಜರ್ಮನಿಯಲ್ಲಿ ವಕೀಲರ ನೋಟಿಸ್ ಮಾಮೂಲಿ. ಅದಕ್ಕೆ ಅಬ್‌ಮಾನುಂಗ್ ಅನ್ನುತ್ತಾರೆ. ನೂರಾರು ಯೂರೋ ಕೇಳುತ್ತಾರೆ. ಕಾಗದ ಬರುವುದು ಇಂಟರ್ನೆಟ್ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರಿಗೆ, ಅಂದರೆ ಪಾಪ ಆ ಗೆಳೆಯನಿಗೆ.

ರಜೆಗೆ ಊರಿಗೆ ಬಂದಾಗಲೂ ಇದೇ ಎಚ್ಚರ ಇರಲಿ. ನಮ್ಮಲ್ಲಿ ಸ್ವಿಸ್ ತರಹದ ರಿಯಾಯಿತಿ ಇಲ್ಲ. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಜೈಲು, ದಂಡ ಎರಡೂ ಇವೆ. ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶ ಮಾಡಿತು. ಆಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು.

ಮುಕ್ತ ಫೈಲ್‌ಗಳನ್ನೇ ಹಂಚುತ್ತಿದ್ದರೂ ಐಪಿ ಎಲ್ಲರಿಗೂ ಕಾಣುವುದು ಬೇಡ ಅನ್ನಿಸಿದರೆ ವಿಪಿಎನ್ ಹಾಕಿಕೊಳ್ಳಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಪುಕ್ಕಟೆ ಸಿಗುವ ಹೆಸರಿಲ್ಲದ ವಿಪಿಎನ್ ಬೇಡ. ನಿಮ್ಮ ಅಷ್ಟೂ ಟ್ರಾಫಿಕ್ ಅವರ ಕೈಗೆ ಹೋಗುತ್ತದೆ, ಅಲ್ವಾ? ಒಳ್ಳೆಯ ವಿಪಿಎನ್ ಕೂಡ ನಡುವೆ ಕಡಿದುಹೋಗಬಹುದು. ಆಗ ಟೊರೆಂಟ್ ನಿಮ್ಮ ನಿಜವಾದ ಐಪಿಯಲ್ಲೇ ಮುಂದುವರಿಯಬಹುದು. ಹಾಗಾಗಿ ಕ್ಯೂಬಿಟ್‌ಟೊರೆಂಟ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್ ಎಂದಿರುವ ಕಡೆ ವಿಪಿಎನ್ ಅನ್ನೇ ಆರಿಸಿ. ಆಮೇಲೆ ಒಂದು ಉಬುಂಟು ಫೈಲ್ ಇಳಿಸಲು ಹಾಕಿ, ವಿಪಿಎನ್ ಆಫ್ ಮಾಡಿ ನೋಡಿ. ಡೌನ್‌ಲೋಡ್ ಅಲ್ಲೇ ನಿಂತರೆ ಸೆಟ್ಟಿಂಗ್ ಸರಿಯಾಗಿದೆ.