ನಂದಿ ಬೆಟ್ಟದ ಏರಿನಲ್ಲಿ ನಾಲ್ಕು ನಿಮಿಷ

ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಹತ್ತುವ ಸೈಕಲ್ ಸವಾರರನ್ನು ಗಮನಿಸಿ. ಬಹಳ ಜನರ ಕಣ್ಣು ಹ್ಯಾಂಡಲ್ ಮೇಲಿನ ಪುಟ್ಟ ಪರದೆಯಲ್ಲಿ ವೇಗವನ್ನೇ ನೋಡುತ್ತಿರುತ್ತದೆ. 12 ಇದ್ದದ್ದು 9 ಆದರೆ ಮುಖ ಸಪ್ಪಗಾಗುತ್ತದೆ. ಆದರೆ ತಿರುವಿನಲ್ಲಿ ಏರು ಚೂರು ಜಾಸ್ತಿಯಾದರೂ ವೇಗ ಬೀಳುತ್ತದೆ, ಕಾಲು ಮೊದಲಿನಷ್ಟೇ ದುಡಿಯುತ್ತಿದ್ದರೂ. ಇಂಟರ್ವಲ್ ತರಬೇತಿಗೆ ಬಂದವರು ಆ ಅಂಕಿಯನ್ನು ಪರದೆಯಿಂದಲೇ ತೆಗೆದುಹಾಕುವುದು ಒಳ್ಳೆಯದು. ಅವರಿಗೆ ಬೇಕಾದ್ದು ಗಡಿಯಾರ.

ಸ್ವಲ್ಪ ಹೊತ್ತು ಜೋರಾಗಿ ತುಳಿಯುವುದು, ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳುವುದು, ಮತ್ತೆ ತುಳಿಯುವುದು. ಇಂಟರ್ವಲ್ ಅಂದರೆ ಇಷ್ಟೇ. ಆ ‘ಸ್ವಲ್ಪ ಹೊತ್ತು’ ಎಷ್ಟು ಅನ್ನುವುದರ ಮೇಲೆ ದೇಹದ ಯಾವ ಭಾಗಕ್ಕೆ ಕೆಲಸ ಬೀಳುತ್ತದೆ ಅನ್ನುವುದು ನಿಂತಿದೆ.

ಶಕ್ತಿಯೆಲ್ಲ ಹಾಕಿ ತುಳಿದಾಗ ಮೊದಲ ಹತ್ತು ಸೆಕೆಂಡು ಸ್ನಾಯುವಿಗೆ ಹೆಚ್ಚಾಗಿ ಆಸರೆಯಾಗುವುದು ಅದರೊಳಗೇ ಇರುವ, ತಕ್ಷಣ ಶಕ್ತಿ ಕೊಡುವ ಕ್ರಿಯಾಟಿನ್ ಫಾಸ್ಫೇಟ್ ಅನ್ನುವ ರಾಸಾಯನಿಕ. ಅದು ಬೇಗ ಬರಿದಾಗುತ್ತದೆ. ನಮ್ಮ ಕಡೆ ತೋಟದಲ್ಲಿ ಬೋರ್‌ವೆಲ್ ಇಟ್ಟುಕೊಂಡವರಿಗೆ ಮುಂದಿನದು ಗೊತ್ತೇ ಇದೆ. ನೀರು ಕಮ್ಮಿಯಾದಾಗ ಮೋಟರ್ ಆಫ್ ಮಾಡಿ ಬಿಟ್ಟರೆ ಮೊದಲು ಬೇಗ ಬೇಗ ನೀರು ಏರುತ್ತದೆ, ಆಮೇಲೆ ನಿಧಾನವಾಗುತ್ತದೆ. ಸ್ನಾಯುವಿನಲ್ಲೂ ಅರ್ಧದಷ್ಟು ಸುಮಾರು ಅರ್ಧ ನಿಮಿಷದಲ್ಲೇ ತುಂಬುತ್ತದೆ, ಪೂರ್ತಿ ತುಂಬೋಕೆ ಹಲವು ನಿಮಿಷ ಬೇಕು. ಹಾಗಾಗಿ ವಿಶ್ರಾಂತಿಯ ಹೊತ್ತನ್ನೂ ಸೆಕೆಂಡ್ ಲೆಕ್ಕದಲ್ಲಿ ಅಳೆಯಬೇಕು. ಜಪಾನಿನ ಇಜುಮಿ ತಬಾಟಾ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಶ್ರಾಂತಿ ಬರೀ 10 ಸೆಕೆಂಡು. ನಿಂತಲ್ಲೇ ತುಳಿಯುವ ಸೈಕಲ್ ಮೇಲೆ 20 ಸೆಕೆಂಡು ಜೋರು, 10 ಸೆಕೆಂಡು ಬಿಡುವು. ಏಳೆಂಟು ಸುತ್ತಿಗೆ ಸವಾರರು ಸುಸ್ತಾಗಿ ನಿಲ್ಲಬೇಕು, ಅಷ್ಟು ಭಾರ ಇಟ್ಟಿದ್ದರು. (ಈಗ ಜಿಮ್‌ಗಳಲ್ಲಿ ಅದೇ ಹೆಸರಲ್ಲಿ ನಡೆಯೋದು ಬಹುತೇಕ ಬೇರೆಯೇ, ಬಿಡಿ.)

ಬೆಟ್ಟದ ರಸ್ತೆಗೆ ಹೊಂದುವುದು ಇನ್ನೊಂದು ಬಗೆ: 4 ನಿಮಿಷ ಜೋರು, 3 ನಿಮಿಷ ಹಗುರ, ಹೀಗೆ ನಾಲ್ಕು ಸಲ. ನಾರ್ವೆಯ ಸಂಶೋಧಕರು ಯುವಕರನ್ನು ಓಡಿಸಿ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಹೃದಯ ಅದರ ಗರಿಷ್ಠ ಬಡಿತದ 90–95 ಶೇಕಡಾ ಮುಟ್ಟಬೇಕು. ಒಂದೆರಡು ಪದಕ್ಕಿಂತ ಜಾಸ್ತಿ ಮಾತಾಡೋಕೆ ಆಗಬಾರದು. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ನಾಲ್ಕೇ ನಿಮಿಷ ಯಾಕೆ? ಹೃದಯ, ಶ್ವಾಸಕೋಶ ಎರಡೂ ನಿಧಾನಕ್ಕೆ ಎಚ್ಚರಾಗುತ್ತವೆ. ಪೆಡಲ್ ಮೇಲೆ ಬಲ ಹಾಕಿದ ಕ್ಷಣಕ್ಕೇ ಬಡಿತ ಏರುವುದಿಲ್ಲ, ಒಂದೆರಡು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಪರದೆ 140 ತೋರಿಸಿತು, ಸಾಲದು ಅಂತ ಇನ್ನೂ ಜೋರಾಗಿ ತುಳಿದರೆ ಮೂರನೇ ನಿಮಿಷಕ್ಕೆ ದಮ್ಮು ಖಾಲಿ. ಹೊಸಬರು ಎಡವುವುದು ಇಲ್ಲೇ.

ಹಾಗಾದರೆ ಹದ ತಿಳಿಯೋದು ಹೇಗೆ? ಪವರ್ ಮೀಟರ್ (ತುಳಿಯುವ ಶಕ್ತಿಯನ್ನು ಅಳೆಯುವ ಸಾಧನ) ಇದ್ದವರಿಗೆ ವ್ಯಾಟ್ ತಕ್ಷಣ ಕಾಣುತ್ತದೆ, ಆದರೆ ಅದು ದುಬಾರಿ. ಇಲ್ಲದವರಿಗೆ ಬೆಟ್ಟವೇ ಮೀಟರ್. ಸೈಕಲ್, ಸವಾರ, ನೀರಿನ ಬಾಟಲಿ ಸೇರಿ 80 ಕೆಜಿ ಅಂದುಕೊಳ್ಳಿ. 4 ನಿಮಿಷದಲ್ಲಿ 48 ಮೀಟರ್ ಎತ್ತರ ಏರಿದರೆ 80 × 9.8 × 48, ಅಂದರೆ 37,632 ಜೌಲ್ ಕೆಲಸ. 240 ಸೆಕೆಂಡಿಗೆ ಭಾಗಿಸಿ: ಸುಮಾರು 157 ವ್ಯಾಟ್. ಟಯರಿನ ಉಜ್ಜಾಟ, ಗಾಳಿಯ ಅಡ್ಡಿ ಇದರ ಮೇಲೆ. ಏರಿನಲ್ಲಿ ವೇಗ ಕಮ್ಮಿ ಇರುವುದರಿಂದ ಗಾಳಿಯ ಪಾಲು ಚಿಕ್ಕದು. ಅದಕ್ಕೇ ಈ ಲೆಕ್ಕ ಬೆಟ್ಟದಲ್ಲಿ ನಡೆಯುತ್ತದೆ, ಹೈವೇ ಸಮತಟ್ಟಿನಲ್ಲಿ ನಡೆಯೋದಿಲ್ಲ.

ಎತ್ತರವನ್ನು ಹ್ಯಾಂಡಲ್ ಮೇಲಿನ ಒಳ್ಳೆಯ ಸೈಕಲ್ ಕಂಪ್ಯೂಟರ್‌ಗಳು ಗಾಳಿಯ ಒತ್ತಡದಿಂದ ಅಳೆಯುತ್ತವೆ. ಚಿಕ್ಕಬಳ್ಳಾಪುರದ ಎತ್ತರದಲ್ಲಿ ಸುಮಾರು 9 ಮೀಟರ್ ಏರಿದರೆ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಸಂವೇದಕಕ್ಕೆ ಗಾಳಿ ಹೋಗುವ ಸೂಜಿಮೊನೆಯಂಥ ತೂತು ಇರುತ್ತದೆ. ಮಳೆ ನೀರೋ ಒಣಗಿದ ಬೆವರೋ ಅದನ್ನು ಮುಚ್ಚಿದರೆ ಎಷ್ಟು ಹತ್ತಿದರೂ ಅಂಕಿ ಅಲ್ಲಾಡುವುದಿಲ್ಲ. ಸಿಹಿನೀರಲ್ಲಿ ತೊಳೆದು ಒಣಗಿಸಿ. ಪಿನ್ ಹಾಕಿ ಚುಚ್ಚಬೇಡಿ.

ಹೊರಡುವ ಮುಂಚೆ ಎರಡು ಸೌಕರ್ಯ ಆಫ್ ಮಾಡಬೇಕು. ಆಟೋ ಪಾಜ್ (auto pause) ಇದ್ದರೆ ನೀವು ಸುಧಾರಿಸಿಕೊಳ್ಳಲು ನಿಂತಾಗ ಗಡಿಯಾರವೂ ನಿಲ್ಲುತ್ತದೆ. ಮೂರು ನಿಮಿಷದ ವಿಶ್ರಾಂತಿ ಸದ್ದಿಲ್ಲದೆ ಐದಾಗುತ್ತದೆ. ಆಟೋ ಲ್ಯಾಪ್ (ಸವಾರಿಯನ್ನು ತಾನೇ ತುಂಡು ಮಾಡಿ ದಾಖಲಿಸುವುದು) ಇದ್ದರೆ ಐದು ಕಿಲೋಮೀಟರ್ ಮುಗಿದ ತಕ್ಷಣ ನಿಮ್ಮ ಇಂಟರ್ವಲ್ ಅರ್ಧಕ್ಕೇ ತುಂಡಾಗುತ್ತದೆ. ಲ್ಯಾಪ್ ಬಟನ್ ನೀವೇ ಒತ್ತಿ. ಪರದೆಯಲ್ಲಿ ಲ್ಯಾಪ್ ಸಮಯ, ಲ್ಯಾಪಿನಲ್ಲಿ ಏರಿದ ಎತ್ತರ, ಬಡಿತ. ಮೂರು ಸಾಕು.

ಬೆಟ್ಟದ ಕೆಳಭಾಗದ ಒಂದೇ ತುಂಡು ರಸ್ತೆ ಆರಿಸಿಕೊಳ್ಳಿ, ವಾರದ ದಿನವಾದರೆ ಕಾರುಗಳ ಕಾಟ ಕಮ್ಮಿ. ಹತ್ತಿ, ತಿರುಗಿ, ಬ್ರೇಕ್ ಹಿಡಿದು ನಿಧಾನಕ್ಕೆ ಇಳಿದರೆ ವಿಶ್ರಾಂತಿಯೂ ಆಯ್ತು, ಮುಂದಿನ ಸಲ ಅದೇ ಏರೂ ಸಿಕ್ಕಿತು. ಮೊದಲ ಸಲ 48, ಎರಡನೇ ಸಲ 47, ಮೂರನೇ ಸಲ 46 ಮೀಟರ್ ಬಂದರೆ ಹದ ಸರಿ ಇದೆ. ಮೊದಲನೆಯದು 55 ಬಂದು ಮೂರನೆಯದು 38ಕ್ಕೆ ಬಿದ್ದರೆ ಶುರುವಿನಲ್ಲೇ ಜಾಸ್ತಿ ಖರ್ಚು ಮಾಡಿದ್ದೀರಿ. ಅವತ್ತು ನಾಲ್ಕನೆಯದನ್ನು ಬಿಟ್ಟು ಮನೆ ಕಡೆ ಹೊರಡಬಹುದು.