ನೀತಿಗೆ ಒಂದು ಪೀರಿಯಡ್, ಕಾನೂನಿಗೆ ಇನ್ನೊಂದು

ಹೈಸ್ಕೂಲ್ ಹುಡುಗನೊಬ್ಬ ಏನೋ ಎಡವಟ್ಟು ಮಾಡಿಕೊಂಡು ಪೇಪರಿನಲ್ಲಿ ಬಂದರೆ ಸಾಕು, ಮಾರನೇ ದಿನ ಚರ್ಚೆ ಶುರು: ಶಾಲೆಯಲ್ಲಿ ನೀತಿಪಾಠವೇ ಇಲ್ಲ, ಅದಕ್ಕೇ ಹೀಗೆ. ಒಬ್ಬರು ಭಗವದ್ಗೀತೆ ಕಲಿಸಿ ಅನ್ನುತ್ತಾರೆ, ಇನ್ನೊಬ್ಬರು ಸಂವಿಧಾನ, ಮತ್ತೊಬ್ಬರು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ. ಮೂರೂ ಬೇರೆ ಬೇರೆ ವಿಷಯ, ಮೂರಕ್ಕೂ ಬೇರೆ ಬೇರೆ ಚರಿತ್ರೆ ಇದೆ. ಆದರೆ ಮಾತಿಗೆ ಮಾತು ಬೆಳೆಯುವಾಗ ಎಲ್ಲ ಕಲಸಿಹೋಗುತ್ತದೆ.

ಮೊದಲು ಬಂದದ್ದು ನೀತಿ. ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳಿಬಿಟ್ಟಿತ್ತು. ಹಾಗಾದರೆ ಮಕ್ಕಳಿಗೆ ಒಳ್ಳೆಯದು ಕೆಟ್ಟದ್ದು ಹೇಳಿಕೊಡೋದು ಹೇಗೆ? 1959ರಲ್ಲಿ ಶ್ರೀಪ್ರಕಾಶ ಸಮಿತಿ ಕೂತಿತು. ಮಹಾಪುರುಷರ ಕಥೆ ಹೇಳಿ, ಬೆಳಿಗ್ಗೆ ಸ್ವಲ್ಪ ಹೊತ್ತು ಮೌನವಾಗಿ ಕೂರಿಸಿ ಅಂತ ಹೇಳಿತು. 1966ರಲ್ಲಿ ಕೊಠಾರಿ ಆಯೋಗ, ವಾರಕ್ಕೆ ಒಂದೆರಡು ಪೀರಿಯಡ್ ಇದಕ್ಕೇ ಇಡಿ ಅಂದಿತು. 1976ರಲ್ಲಿ 42ನೇ ತಿದ್ದುಪಡಿ ಬಂತು, ಜೊತೆಗೆ ಮೂಲಭೂತ ಕರ್ತವ್ಯಗಳೂ ಬಂದವು, ನಮಗೆ ಬಾಯಿಪಾಠಕ್ಕೆ ಇನ್ನೊಂದು ಪಟ್ಟಿ ಸಿಕ್ಕಿತು. 1999ರಲ್ಲಿ ಎಸ್.ಬಿ. ಚವಾಣ್ ಸಮಿತಿ ಮೌಲ್ಯ ಶಿಕ್ಷಣದ ಬಗ್ಗೆ ವರದಿ ಕೊಟ್ಟಿತು. ಅದನ್ನು ನೆಚ್ಚಿಕೊಂಡು ಬಂದ 2000ದ ಪಠ್ಯಕ್ರಮ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ 2002ರಲ್ಲಿ ಗೆದ್ದಿತು. ಧರ್ಮಗಳ ಬಗ್ಗೆ ತಿಳಿಸುವುದು ಬೇರೆ, ಧರ್ಮಬೋಧನೆ ಬೇರೆ ಅನ್ನುವುದು ಕೋರ್ಟಿನ ವಾದ.

ಇಷ್ಟೂ ವರ್ಷ ಮಕ್ಕಳಿಗೆ ಹೇಳಿದ್ದು ಹೇಳಿದ್ದೇ. ಕೇಳಿದ್ದು ಕಡಿಮೆ.

ಕೇಳಬಹುದಾದ ಪ್ರಶ್ನೆ ಇರಲಿಲ್ಲ ಅಂತಲ್ಲ. 1985ರಲ್ಲಿ ಕೇರಳದ ಒಂದು ಶಾಲೆ ಮೂವರು ಒಡಹುಟ್ಟಿದವರನ್ನು ಹೊರಗೆ ಹಾಕಿತು. ರಾಷ್ಟ್ರಗೀತೆಗೆ ಅವರು ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಗೆ ವಿರುದ್ಧ ಅಂತ ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಅವರಲ್ಲಿ ಇಬ್ಬರು 9, 10ನೇ ತರಗತಿಯವರು. ಶಾಲೆಯ ಶಿಸ್ತು ಹೆಚ್ಚಾ, ಒಬ್ಬರ ಮನಸ್ಸಾಕ್ಷಿ ಹೆಚ್ಚಾ? ಅದೇ ವಯಸ್ಸಿನ ಮಕ್ಕಳ ಮುಂದೆ ಇಟ್ಟರೆ ಪೀರಿಯಡ್ ಮುಗಿದದ್ದೇ ಗೊತ್ತಾಗಲ್ಲ, ಅಲ್ವಾ?

ನನ್ನ ಪ್ರಕಾರ ನಿಜವಾದ ತಿರುವು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು. ಯಶ್ ಪಾಲ್ ಅಧ್ಯಕ್ಷತೆಯ ಸಮಿತಿ ಮಾಡಿದ್ದು. 6ರಿಂದ 8ನೇ ತರಗತಿವರೆಗೆ ಹಳೇ ಪೌರನೀತಿ ಹೋಗಿ 'ಸಾಮಾಜಿಕ ಮತ್ತು ರಾಜಕೀಯ ಜೀವನ' ಬಂತು. ಅದರಲ್ಲಿ 8ನೇ ತರಗತಿ ಪುಸ್ತಕದ ಶಾಂತಿ ಅನ್ನೋ ಹೆಣ್ಣುಮಗಳ ಕಥೆ ನೋಡಬೇಕು. ಆಕೆ ಮನೆಕೆಲಸದವಳು. ಮನೆಯೊಡತಿಯ ಚಿನ್ನದ ಸರ ಕಾಣೆಯಾಗುತ್ತದೆ, ಗುಮಾನಿ ನೇರ ಶಾಂತಿಯ ಮೇಲೆ. ಪೊಲೀಸರಿಗೆ ಸಿಗುವುದು ಹತ್ತು ಸಾವಿರ ರೂಪಾಯಿ. ಅದು ಕೂಡಿಟ್ಟ ದುಡ್ಡು ಅಂದರೆ ಯಾರೂ ನಂಬಲ್ಲ. ವಕೀಲರು ಬರುತ್ತಾರೆ, ಸಾಕ್ಷಿಗಳ ಪಾಟೀಸವಾಲು ನಡೆಯುತ್ತದೆ, ಸರ ಬೇರೆ ಕಳ್ಳರ ಹತ್ತಿರ ಸಿಕ್ಕಿತ್ತು ಅನ್ನೋದು ಹೊರಬರುತ್ತದೆ, ಶಾಂತಿ ಬಿಡುಗಡೆಯಾಗುತ್ತಾಳೆ. ಇಲ್ಲಿ ಪೊಲೀಸ್ ಮಾಡಿದ್ದು ಸರಿಯಾ, ವಕೀಲರು ಇಲ್ಲದಿದ್ದರೆ ಏನಾಗುತ್ತಿತ್ತು, ಬಡವರ ಮೇಲೇ ಮೊದಲು ಅನುಮಾನ ಯಾಕೆ ಅಂತ ಹದಿಮೂರರ ಹುಡುಗಿ ಕೂಡ ವಾದ ಮಾಡಬಹುದು. ಕಾನೂನೂ ನೀತಿಯೂ ಒಂದೇ ಪಾಠದಲ್ಲಿ ಕೂತಿದ್ದವು, ಅದೂ ಯಾವ ಉಪದೇಶವೂ ಇಲ್ಲದೆ. ಆದರೆ ಈ ಪುಸ್ತಕ ಓದಿದ್ದು ಸಿಬಿಎಸ್‌ಇ ಮಕ್ಕಳು. ನಮ್ಮ ರಾಜ್ಯ ಪಠ್ಯಕ್ರಮಕ್ಕೆ ಸಮಾಜ ವಿಜ್ಞಾನದ ಪುಸ್ತಕವೇ ಬೇರೆ, ಅದರ ಜಗಳಗಳೂ ಬೇರೆ. 2022ರ ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆ ನೆನಪಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. 2013ರಲ್ಲಿ ಸಿಬಿಎಸ್‌ಇ 11ನೇ ತರಗತಿಗೆ ಕಾನೂನು ಅಧ್ಯಯನ ಅನ್ನೋ ಐಚ್ಛಿಕ ವಿಷಯವನ್ನೂ ತಂದಿತು. 2025ರಲ್ಲಿ 8ನೇ ತರಗತಿಗೆ ಶಾಂತಿಯ ಕಥೆಯಿದ್ದ ಆ ಪುಸ್ತಕದ ಬದಲು ಹೊಸ ಪುಸ್ತಕ ಬಂತು.

ಕರ್ನಾಟಕದಲ್ಲಿ ಮಕ್ಕಳಿಗೆ ಕಾನೂನು ಕಲಿಸುವ ಪ್ರಶ್ನೆ ಬಾಗಿಲು ಬಡಿದದ್ದು ಕೋರ್ಟಿನ ಕಡೆಯಿಂದ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಲೈಂಗಿಕ ಸಂಬಂಧಕ್ಕೆ 18 ತುಂಬದವರು ಕೊಡುವ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಪ್ರೀತಿಸಿ ಓಡಿಹೋದ ಹದಿನೇಳರ ಹುಡುಗಿಯೊಬ್ಬಳ ಪ್ರಕರಣ ಹೈಕೋರ್ಟಿನ ಧಾರವಾಡ ಪೀಠಕ್ಕೆ ಬಂತು. ಅಷ್ಟು ಹೊತ್ತಿಗೆ ಅವಳಿಗೂ ಆ ಹುಡುಗನಿಗೂ ಮದುವೆಯಾಗಿ ಮಕ್ಕಳೂ ಆಗಿದ್ದರು. 2022ರ ನವೆಂಬರ್‌ನಲ್ಲಿ ಪೀಠ ಹುಡುಗನ ಖುಲಾಸೆಯನ್ನು ಎತ್ತಿಹಿಡಿಯಿತು, ವಯಸ್ಸಿನ ವಿಷಯ ಮತ್ತೊಮ್ಮೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು, 9ನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸಲು ಪಾಠ ಸಿದ್ಧಮಾಡಿ ಅಂತ ಶಿಕ್ಷಣ ಇಲಾಖೆಗೂ ಹೇಳಿತು. ಮರುವರ್ಷ ಆಯೋಗ 18ನ್ನು ಇಳಿಸುವುದು ಬೇಡ ಅಂದಿತು. ಆದರೆ 16ರಿಂದ 18ರ ನಡುವಿನವರ ಕೇಸುಗಳಲ್ಲಿ ಶಿಕ್ಷೆ ಕೊಡುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಅಂತಲೂ ಸೇರಿಸಿತು.

ಅಂದರೆ ಹೈಕೋರ್ಟೂ ಕಾನೂನು ಆಯೋಗವೂ ತೂಗಿ ನೋಡಿದ ಪ್ರಶ್ನೆ ಇದು. ತರಗತಿಗೆ ಬರುವಾಗ ಮಾತ್ರ ತೂಗುವ ಭಾಗ ಉದುರಿಹೋಗಿ 'ಮಾಡಿದರೆ ಜೈಲು' ಅನ್ನೋದಷ್ಟೇ ಉಳಿಯುತ್ತದೆ. ಹಿಂದಿನ ಬೆಂಚಿನಿಂದ "ಇಬ್ಬರೂ ಒಪ್ಪಿದ್ದರೆ ತಪ್ಪು ಯಾರದು ಸರ್?" ಅಂತ ಒಂದು ದನಿ ಬಂದರೆ ಮೇಷ್ಟ್ರಿಗೂ ಕಷ್ಟ. ಅವರಿಗೆ ತರಬೇತಿ ಕೊಟ್ಟವರು ಯಾರು, ನಾಳೆ ಪೋಷಕರು ಬಂದು ನಿಂತರೆ ಬೆಂಬಲಕ್ಕೆ ಬರುವವರು ಯಾರು?

2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸರಿ ತಪ್ಪು ತರ್ಕದಿಂದ ನಿರ್ಧರಿಸುವುದನ್ನು ಕಲಿಸಿ ಅಂತ ಸ್ಪಷ್ಟವಾಗಿಯೇ ಬರೆದಿದೆ. 2023ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಸಂವಿಧಾನದ ಪೀಠಿಕೆಯನ್ನು ಶಾಲೆ ಕಾಲೇಜುಗಳಲ್ಲಿ ಓದಿಸಲು ತೀರ್ಮಾನಿಸಿತು. ಒಳ್ಳೆಯದೇ. ಆದರೆ ಸುಮ್ನೆ ಸಾಲಾಗಿ ನಿಂತು ಓದಿಬಿಟ್ಟರೆ ಅದೂ ಕರ್ತವ್ಯಗಳ ಪಟ್ಟಿಯ ಪಕ್ಕ ಹೋಗಿ ಕೂರುತ್ತದೆ. ಅದೂ ಅಲ್ಲದೆ ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಂತೆ ಅಂಕ ಇಲ್ಲದ ಪೀರಿಯಡ್ಡೆಲ್ಲ ಗಣಿತದ ಪಾಲು.

ಸದ್ಯಕ್ಕೆ ನಮ್ಮ ಮಕ್ಕಳು ಹಕ್ಕು, ಹೊಣೆ ಅಂತ ನಿಜವಾಗಿ ವಾದಿಸುವುದು ಕಾಣುವುದು ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆಯಲ್ಲಿ. ಶೌಚಾಲಯಕ್ಕೆ ನೀರು ಯಾಕಿಲ್ಲ, ಶಾಲೆ ಬಿಡುವ ಹೊತ್ತಿಗೆ ಬಸ್ಸು ಯಾಕಿಲ್ಲ ಅಂತ ಎದ್ದು ನಿಂತು ಕೇಳುತ್ತಾರೆ, ಪಿಡಿಒ ಉತ್ತರ ಹೇಳಬೇಕಾಗುತ್ತದೆ. ಅದಕ್ಕೆ ಪಠ್ಯಪುಸ್ತಕವೂ ಇಲ್ಲ, ಅಂಕವೂ ಇಲ್ಲ.