ಗಂಜಿಗೊಂದು ಚಿಟಿಕೆ ಉಪ್ಪು

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಮಳೆಗಾಲ ಶುರುವಾದರೆ ಸಾಕು, ಯಾರಾದರೂ ಒಬ್ಬರ ಹೊಟ್ಟೆ ಕೆಡುತ್ತಿತ್ತು. ಆರಿದ್ರಾ ಮಳೆ ಹೊಯ್ಯುತ್ತಿರುವಾಗ ಡಾಕ್ಟರ ಹತ್ತಿರ ಹೋಗಿ ಬರುವುದು ಅಂದರೆ ಅರ್ಧ ದಿನದ ಕೆಲಸ. ಅಜ್ಜಿ ಕುಚ್ಚಲಕ್ಕಿ ಗಂಜಿಯನ್ನು ತೆಳ್ಳಗೆ ಮಾಡಿ, ಉಪ್ಪು ಕದಡಿ, ಲೋಟಕ್ಕೆ ಬಗ್ಗಿಸಿ ಎದುರಿಗಿಡುತ್ತಿದ್ದಳು. ನನಗೋ ಸಕ್ಕರೆ ಬೇಕು. "ಸುಮ್ನೆ ಕುಡಿ. ಉಪ್ಪಿಲ್ಲದ ಗಂಜಿ ಮೈಗೆ ಹತ್ತಲ್ಲ ಕಣೋ" ಅನ್ನುತ್ತಿದ್ದಳು.

ಮೈಗೆ ಹತ್ತುವುದು. ಎಷ್ಟು ಸರಿಯಾದ ಮಾತು! ಹೊಟ್ಟೆಗೆ ಹೋದದ್ದೆಲ್ಲ ಮೈಯೊಳಗೆ ಬಂದಂತಲ್ಲ. ಬಾಯಿಂದ ಕೊನೆಯವರೆಗೆ ಇರುವುದು ಒಂದೇ ಉದ್ದ ಕೊಳವೆ. ಅಡಿಕೆ ದಂಬೆಯಲ್ಲಿ ನೀರು ಹರಿದ ಮಾತ್ರಕ್ಕೆ ತೋಟ ನೆನೆಯುತ್ತದೆಯೇ? ಅದು ದಂಬೆ ಬಿಟ್ಟು ಬುಡಕ್ಕೆ ಇಳಿಯಬೇಕು. ಊಟವೂ ಹಾಗೆ. ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿದ್ದಷ್ಟೇ ನಮ್ಮದು. ಆದರೆ ಅನ್ನವಾಗಲಿ ಕೋಳಿ ಸಾರಿನ ತುಂಡಾಗಲಿ ಇದ್ದ ಹಾಗೇ ಆ ಗೋಡೆ ದಾಟುವುದಿಲ್ಲ. ತುಂಬಾ ಸಣ್ಣದಾಗಬೇಕು.

ಅನ್ನದ ಕೆಲಸ ಬಾಯಲ್ಲೇ ಶುರು. ಮುಂದಿನ ಸಲ ಕಡುಬು ಮಾಡಿದಾಗ ಒಂದು ತುಂಡನ್ನು ಚಟ್ನಿ, ಸಾರು ಏನೂ ಇಲ್ಲದೆ ಬಾಯಿಗೆ ಹಾಕಿ, ನುಂಗದೆ ಅಗಿಯುತ್ತಾ ಇರಿ. ಸ್ವಲ್ಪ ಹೊತ್ತಿಗೆ ಸಿಹಿ ಸಿಹಿ ಅನ್ನಿಸುತ್ತದೆ. ಅಕ್ಕಿಯಲ್ಲಿರುವ ಪಿಷ್ಟ ಅಂದರೆ ನೂರಾರು, ಸಾವಿರಾರು ಗ್ಲೂಕೋಸ್ ಕಣಗಳನ್ನು ಪೋಣಿಸಿದ ಸರ. ಸರವಾಗಿರುವಾಗ ಅದಕ್ಕೆ ಸಿಹಿ ಇಲ್ಲ. ಎಂಜಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಸರವನ್ನು ತುಂಡರಿಸಿದಾಗ ಎರಡೆರಡು ಗ್ಲೂಕೋಸ್ ಸೇರಿದ ಮಾಲ್ಟೋಸ್ ಹುಟ್ಟುತ್ತದೆ. ನಾಲಿಗೆಗೆ ತಗಲುವ ಸಿಹಿ ಅದರದ್ದು.

ಜಠರಕ್ಕೆ ಇಳಿದ ಮೇಲೆ ಅಲ್ಲಿನ ಹುಳಿಗೆ ಅಮೈಲೇಸ್ ಸೋಲುತ್ತದೆ. ಅಲ್ಲಿ ಪ್ರೋಟೀನಿನ ಸರದಿ. ಪ್ರೋಟೀನ್ ಕೂಡ ಸರವೇ, ಆದರೆ ಮಣಿಗಳು ಬೇರೆ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು. ಸರ ಸುರುಳಿ ಸುತ್ತಿ ಮುದ್ದೆಯಾಗಿರುತ್ತದೆ, ಕತ್ತರಿಗೆ ಸುಲಭಕ್ಕೆ ಸಿಕ್ಕುವುದಿಲ್ಲ. ಹಾಲಿಗೆ ನಿಂಬೆಹುಳಿ ಹಿಂಡಿದರೆ ಒಡೆಯುತ್ತದಲ್ಲ, ಜಠರದ ಹೈಡ್ರೋಕ್ಲೋರಿಕ್ ಆಮ್ಲವೂ ಅದೇ ರೀತಿ ಪ್ರೋಟೀನಿನ ರೂಪ ಕೆಡಿಸುತ್ತದೆ. ಸುರುಳಿ ಬಿಚ್ಚಿಕೊಂಡ ಮೇಲೆ ಪೆಪ್ಸಿನ್ ಕತ್ತರಿ ಹಾಕುತ್ತದೆ. ಇದಕ್ಕೆ 1836ರಲ್ಲಿ ಹೆಸರಿಟ್ಟವನು ಜರ್ಮನಿಯ ಥಿಯೊಡೋರ್ ಶ್ವಾನ್.

ನನಗೆ ಇದಕ್ಕಿಂತ ಸೋಜಿಗ ಅನ್ನಿಸುವುದು ಮೇದೋಜೀರಕ ಗ್ರಂಥಿಯ ಜಾಣತನ. ಸಣ್ಣ ಕರುಳಿಗೆ ರಸ ಸುರಿಸುವುದು ಇದೇ. ಅದರಲ್ಲಿ ಹುಳಿ ಇಳಿಸುವ ಬೈಕಾರ್ಬೊನೇಟ್ ಇದೆ, ಉಳಿದ ಪಿಷ್ಟ ಮುರಿಯಲು ಇನ್ನಷ್ಟು ಅಮೈಲೇಸ್ ಇದೆ, ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ಕೂಡ ಇದೆ. ಆದರೆ ಗ್ರಂಥಿ ತಾನೇ ಪ್ರೋಟೀನಿನಿಂದ ಆದದ್ದು! ಒಳಗೇ ಟ್ರಿಪ್ಸಿನ್ ತಯಾರಾದರೆ ಗ್ರಂಥಿಯನ್ನೇ ತಿಂದುಹಾಕುತ್ತದೆ. ಅದಕ್ಕೇ ಒರೆಯಲ್ಲಿಟ್ಟ ಕತ್ತಿಯ ಹಾಗೆ ಟ್ರಿಪ್ಸಿನೋಜೆನ್ ಅನ್ನುವ ನಿಷ್ಕ್ರಿಯ ರೂಪದಲ್ಲಿ ಕಳಿಸುತ್ತದೆ. ಒರೆ ಬಿಚ್ಚುವ ಎಂಟೆರೊಕೈನೇಸ್ ಇರುವುದು ಕರುಳಿನ ಗೋಡೆಯಲ್ಲಿ. ಕತ್ತಿ ಗ್ರಂಥಿಯೊಳಗೇ ಒರೆ ಬಿಟ್ಟರೆ? ಅದೇ ಪ್ಯಾಂಕ್ರಿಯಾಟೈಟಿಸ್. ಪ್ರಾಣ ಹೋಗುವಷ್ಟು ನೋವು.

ಇಲ್ಲೊಂದು ಮಲೆನಾಡಿನ ವಿಷಯ ಹೇಳಬೇಕು. ಕೆಮ್ಮಣ್ಣು ಸವರಿ ಮಳೆಗಾಲಕ್ಕೆ ಎತ್ತಿಡುವ ಹಲಸಿನ ಬೀಜದಲ್ಲಿ ಟ್ರಿಪ್ಸಿನ್‌ನ ಕೈ ಕಟ್ಟುವ ಪದಾರ್ಥವಿದೆ. ತನ್ನನ್ನು ತಿನ್ನಬಾರದು ಅನ್ನುವುದು ಬೀಜದ ಆಸೆ, ಪಾಪ. ಆದರೆ ಚೆನ್ನಾಗಿ ಬೇಯಿಸಿದರೆ, ಕೆಂಡದಲ್ಲಿ ಸುಟ್ಟರೆ ಅದರ ಆಟ ಬಹುಪಾಲು ಮುಗಿಯುತ್ತದೆ. ಹಸಿ ಬೀಜ ತಿಂದು ಹೊಟ್ಟೆನೋವು ಬರಿಸಿಕೊಂಡ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗೋಡೆ ದಾಟುವ ಹಂತ. ಸಣ್ಣ ಕರುಳಿನ ಒಳಗೋಡೆ ನುಣುಪಾಗಿಲ್ಲ. ಮಡಿಕೆ, ಮಡಿಕೆಯ ಮೇಲೆ ಮಿಲಿಮೀಟರಿಗಿಂತ ಚಿಕ್ಕ ಬೆರಳುಗಳು, ಆ ಬೆರಳುಗಳ ಕೋಶಗಳ ಮೇಲೆ ಇನ್ನೂ ಸಣ್ಣ ಎಳೆಗಳು. ಇದನ್ನೆಲ್ಲ ಹರಡಿದರೆ ಟೆನಿಸ್ ಕೋರ್ಟಿನಷ್ಟು ಅಂತ ನಾವು ಓದಿದ್ದೆವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದು ಲೆಕ್ಕ ಹಾಕಿದರು. ಪೂರ್ತಿ ಜೀರ್ಣನಾಳ ಸೇರಿಸಿದರೂ ಸುಮಾರು 32 ಚದರ ಮೀಟರ್, ಅಂದರೆ ಅರ್ಧ ಬ್ಯಾಡ್ಮಿಂಟನ್ ಕೋರ್ಟಿಗೂ ಸ್ವಲ್ಪ ಕಡಿಮೆ. ಇರಲಿ, ಅದೂ ಕಡಿಮೆಯೇನಲ್ಲ.

ಆ ಎಳೆಗಳ ಮೇಲೆ ಕೂತ ಕಿಣ್ವಗಳು ಮಾಲ್ಟೋಸನ್ನು ಬಿಡಿ ಗ್ಲೂಕೋಸ್ ಮಾಡುತ್ತವೆ. ಪ್ರೋಟೀನಿನ ವಿಷಯದಲ್ಲಿ ಸ್ವಲ್ಪ ರಿಯಾಯಿತಿ ಇದೆ. ಎರಡು ಮೂರು ಅಮೈನೋ ಆಮ್ಲ ಜೊತೆಗಿದ್ದರೂ ಒಳಗೆ ಬಿಡುವ ಬಾಗಿಲು ಬೇರೆಯೇ ಇದೆ, ಕೊನೆಯ ತುಂಡರಿಕೆ ಕೋಶದ ಒಳಗಾಗುತ್ತದೆ. ಗ್ಲೂಕೋಸಿನದು ಹಾಗಲ್ಲ. ಅದಕ್ಕೆ ಜೊತೆಗಾರ ಬೇಕು. ಒಂದು ಗ್ಲೂಕೋಸಿಗೆ ಎರಡು ಸೋಡಿಯಂ. ಸೋಡಿಯಂ ಅಂದರೆ ಉಪ್ಪಿನ ಅರ್ಧ ಭಾಗ. ಇಬ್ಬರೂ ಬಂದರೆ ಬಾಗಿಲು ತಿರುಗುತ್ತದೆ, ಹಿಂದೆಯೇ ನೀರೂ ನುಗ್ಗುತ್ತದೆ. ಇದನ್ನು ಮೊದಲು ಮಂಡಿಸಿದ್ದು ಅಮೆರಿಕದ ರಾಬರ್ಟ್ ಕ್ರೇನ್, 1960ರ ಆಗಸ್ಟಿನಲ್ಲಿ, ಪ್ರಾಗ್ ನಗರದ ಒಂದು ಸಭೆಯಲ್ಲಿ.

ಭೇದಿಯಾದಾಗ ಕರುಳು ನೀರು, ಉಪ್ಪು ಎರಡನ್ನೂ ಹೊರಗೆ ಚೆಲ್ಲುತ್ತಿರುತ್ತದೆ. ಆದರೆ ಕಾಲರಾದಂಥ ಕಾಯಿಲೆಯಲ್ಲೂ ಈ ಜೋಡಿ ಬಾಗಿಲು ಕೆಲಸ ಮಾಡುತ್ತಲೇ ಇರುತ್ತದೆ. 1971ರಲ್ಲಿ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿ ಖಾಲಿಯಾಗುತ್ತಾ ಬಂದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಗ್ಲೂಕೋಸ್, ಉಪ್ಪು, ಅಡಿಗೆ ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇವತ್ತಿನ ಓಆರ್‌ಎಸ್ ಪ್ಯಾಕೆಟ್ ಅದೇ ದಾರಿಯದ್ದು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಕ್ಕಳಿಗೆ ಕೊಡುವಾಗ ಉಪ್ಪು ಕೈಯಳತೆಯಲ್ಲಿ ಜಾಸ್ತಿ ಬೀಳದಂತೆ ನೋಡಿಕೊಳ್ಳಬೇಕು.

ಅಂದರೆ ನಾನು ಕೇಳಿದ ಸಕ್ಕರೆಯೂ ತಪ್ಪಲ್ಲ, ಅಜ್ಜಿಯ ಉಪ್ಪೂ ತಪ್ಪಲ್ಲ. ಆದರೆ ಸಕ್ಕರೆ ಮಿತಿ ಮೀರಿದರೆ ಅದೇ ನೀರನ್ನು ಕರುಳಿನೊಳಕ್ಕೆ ಎಳೆದು ಭೇದಿ ಹೆಚ್ಚಿಸುತ್ತದೆ. ಗಂಜಿಯ ಪಿಷ್ಟ ನಿಧಾನಕ್ಕೆ ಮುರಿದು ಗ್ಲೂಕೋಸನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಅಜ್ಜಿಯೇ ಗೆದ್ದಳು ಅನ್ನಿ.

ಗೋಡೆ ದಾಟಿದ ಗ್ಲೂಕೋಸ್, ಅಮೈನೋ ಆಮ್ಲ ಎರಡೂ ಮೊದಲು ಲಿವರಿಗೆ ಹೋಗುತ್ತವೆ. ಅಲ್ಲಿ ತಡೆ ಬೀಳಲೇಬೇಕು. ಯಾಕೆಂದರೆ ಆರೋಗ್ಯವಂತರ ಐದು ಲೀಟರ್ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಒಂದು ಟೀ ಚಮಚ! ಒಂದು ತಟ್ಟೆ ಅನ್ನದಿಂದ ಬರುವುದು ಅದರ ಹತ್ತು ಪಟ್ಟು.

ಈಗ ಅಜ್ಜಿಗೆ ಬಿಪಿ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ. ಹಾಗಾದರೆ ಉಪ್ಪಿಲ್ಲದ ಗಂಜಿ ಅವಳ ಮೈಗೆ ಹತ್ತಲ್ವಾ? ಹತ್ತುತ್ತದೆ. ಎಂಜಲು, ಜಠರದ ರಸ, ಪಿತ್ತ ಎಲ್ಲ ಸೇರಿ ದಿನಕ್ಕೆ ಏಳು ಲೀಟರಿನಷ್ಟು ರಸ ಕರುಳಿಗೆ ಬೀಳುತ್ತದೆ, ಅದರಲ್ಲೇ ಬೇಕಾದಷ್ಟು ಸೋಡಿಯಂ ಇದೆ. ಮೈ ತನ್ನ ಉಪ್ಪನ್ನು ತಾನೇ ಸುರಿದು ತಾನೇ ವಾಪಸ್ ತೆಗೆದುಕೊಳ್ಳುತ್ತದೆ. ಹೊಟ್ಟೆ ಕೆಟ್ಟು ಆ ಉಪ್ಪು ಹೊರಗೆ ಹೋದಾಗ ಮಾತ್ರ ಮೇಲಿಂದ ಹಾಕಬೇಕು.

ಇದನ್ನೆಲ್ಲ ಅವಳಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. "ಮೈಗೆ ಹತ್ತಬಹುದು. ಬಾಯಿಗೆ ಹತ್ತಬೇಕಲ್ಲ" ಅಂದವಳೇ ಮಿಡಿ ಉಪ್ಪಿನಕಾಯಿಯ ಭರಣಿ ಹತ್ತಿರಕ್ಕೆ ಎಳೆದುಕೊಂಡಳು.